ಮೊದಲ ಸಹಿ ಮನೆಯವರದು

ಮಾನ್ಮತ್ ಜಂಕ್ಷನ್

ವಾಲ್ಟರ್ ಅವರ ಎಡಗಾಲಿನ ಕಾಲುಚೀಲದಲ್ಲಿ, ಹೆಬ್ಬೆರಳಿನ ಪಕ್ಕ, ತೊಗರಿಬೇಳೆಯಷ್ಟು ತೂತಿತ್ತು. ಅದನ್ನು ಬಲಗಾಲಿನಿಂದ ಮುಚ್ಚಿಕೊಂಡು ಅವರು ನನ್ನ ಅತ್ತೆಯ ಮನೆಯ ಸೋಫಾದಲ್ಲಿ ಕುಳಿತಿದ್ದರು. ಮೂವತ್ತು ವರ್ಷ ವಕೀಲಿ ಮಾಡಿದವರು, ಹದಿನಾಲ್ಕು ವರ್ಷದಿಂದ ರಾಜಕೀಯದಲ್ಲಿ ಇರುವವರು. ಮತ ಕೇಳಲು ಹೋದಲ್ಲಿ ಬೂಟು ಬಿಚ್ಚಬೇಕಾದೀತೆಂದು ಅಲ್ಲಿಯವರೆಗಿನ ಯಾವ ಚುನಾವಣೆಯೂ ಅವರಿಗೆ ಕಲಿಸಿರಲಿಲ್ಲ. ಮರುದಿನ ಹೊಸ ಕಾಲುಚೀಲ ಹಾಕಿಕೊಂಡು ಬಂದರು. ಆ ವಾರ ಅವರು ಹೋಗಬೇಕಾಗಿದ್ದ ಮನೆಗಳೆಲ್ಲ ಭಾರತೀಯರವು.

ನಾನು ಧಾರವಾಡದಲ್ಲಿ ರಾಜ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನನ್ನ ವಿಷಯ ಪುರಸಭೆಗಳು. ಇದನ್ನು ಹೇಳಿದ ಕೂಡಲೇ ಜನ ಮಾತು ಬದಲಾಯಿಸುತ್ತಾರೆ. ಬದಲಾಯಿಸದವರು ಈವರೆಗೆ ಇಬ್ಬರೇ ಸಿಕ್ಕಿದ್ದಾರೆ. ಒಬ್ಬರು ನನ್ನ ಮಾರ್ಗದರ್ಶಕರು, ಇನ್ನೊಬ್ಬರು ವಾಲ್ಟರ್.

ಶಾರದಾ ಅತ್ತೆ ಮತ್ತು ಶಿವಾನಂದ ಮಾವ ನನ್ನನ್ನು ಎರಡು ತಿಂಗಳಿಗೆ ಅಮೆರಿಕದ ತಮ್ಮ ಊರು ಮಾನ್ಮತ್ ಜಂಕ್ಷನ್‌ಗೆ ಕರೆಸಿಕೊಂಡಿದ್ದರು. ವಿಜಾಪುರ ಕಡೆಯ ಮಾವ ಅಲ್ಲಿನ ಔಷಧ ಕಂಪನಿಯೊಂದರಲ್ಲಿ ರಸಾಯನಶಾಸ್ತ್ರಜ್ಞ. ಅವರು ಬಂದಾಗ ಬೀದಿಯಲ್ಲಿ ಭಾರತೀಯರ ಮನೆ ಎರಡಿದ್ದವಂತೆ. ಈಗ ತಿಂಗಳಿಗೊಂದು ಕುಟುಂಬ ಬಂದಿಳಿಯುತ್ತಿತ್ತು. ಹೊಸ ಶತಮಾನ ಹುಟ್ಟುವ ಗಳಿಗೆಯಲ್ಲಿ ಕಂಪ್ಯೂಟರುಗಳೆಲ್ಲ ದಿನಾಂಕ ತಪ್ಪಿ ಕೂರುತ್ತವೆಂದು ಅಮೆರಿಕ ಹೆದರಿತ್ತು. ಆ ಹೆದರಿಕೆಯನ್ನು ರಿಪೇರಿ ಮಾಡಲು ಬಂದವರು ಒಂದೇ ಬಣ್ಣದ, ಒಂದೇ ಅಳತೆಯ ಟೌನ್‌ಹೌಸುಗಳಲ್ಲಿ ವಾಸವಾಗಿದ್ದರು. ನಾನು ಎರಡು ಸಲ ಪಕ್ಕದ ಮನೆಯ ಬಾಗಿಲಿಗೆ ಕೀಲಿ ಹಾಕಿದ್ದೇನೆ.

ಆ ರಾಜ್ಯದಲ್ಲಿ ಮನೆ ಕೊಳ್ಳುವವರು ವಕೀಲರನ್ನು ಇಟ್ಟುಕೊಳ್ಳುವುದು ರೂಢಿ. ಮಾವನ ಮನೆಯ ಕಾಗದಪತ್ರ ಮಾಡಿಸಿದವರು ವಾಲ್ಟರ್. ಅಂದಿನಿಂದ ಅವರು ಮಾವನಿಗೆ ‘ನಮ್ಮ ವಕೀಲರು’. ಈ ಸಲ ಅವರು ರಾಜ್ಯದ ಕೆಳಮನೆಗೆ ನಿಂತಿದ್ದರು.

“ನಮ್ಮ ವಕೀಲ್ರ ಜೋಡಿ ನೀನೂ ಹೋಗು. ಪುಸ್ತಕದಾಗ ಓದೂದು ಬ್ಯಾರೆ, ಕಣ್ಣಿಲೆ ನೋಡೂದು ಬ್ಯಾರೆ,” ಎಂದರು ಮಾವ.

“ಅಕೀ ಅಮೆರಿಕಾ ನೋಡಾಕ ಬಂದಾಳೋ, ನಿಮ್ಮ ವಕೀಲನ ಬ್ಯಾಗ್ ಹಿಡ್ಯಾಕ ಬಂದಾಳೋ?” ಎಂದು ಅತ್ತೆ ಅಡುಗೆಮನೆಯಿಂದ ಕೇಳಿದರು.

“ಎರಡೂ ಒಂದ ಕೆಲಸ ತಗೋ.”

ಮಾವನೂ ಆಗ ಒಂದು ಪರೀಕ್ಷೆಗೆ ಓದುತ್ತಿದ್ದರು. ಹನ್ನೆರಡು ವರ್ಷ ಕಾದ ಮೇಲೆ ಪೌರತ್ವದ ಸಂದರ್ಶನಕ್ಕೆ ಕರೆ ಬಂದಿತ್ತು. ನೂರು ಪ್ರಶ್ನೆಗಳ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ಹದಿಮೂರು ವರ್ಷದ ಮಗಳು ಅನು ಜೋಳದ ಹಪ್ಪಳ ತಿನ್ನುತ್ತ, “ಡ್ಯಾಡ್, ಹೌ ಮೆನಿ ಸೆನೆಟರ್ಸ್?” ಎನ್ನುವಳು. ಮಾವ ಎದ್ದು ನಿಂತು ಉತ್ತರ ಹೇಳುವರು. ಕೂತು ಹೇಳಬಹುದೆಂದು ಅನು ಹಲವು ಸಲ ತಿಳಿಸಿದ್ದಳು.

ನಲವತ್ತೊಂದು ಮನೆ

ನಮ್ಮಲ್ಲಿ ಚುನಾವಣೆ ಬಂದರೆ ಕಿವಿಗೆ ಮೊದಲು ತಿಳಿಯುತ್ತದೆ. ಅಲ್ಲಿ ಹುಲ್ಲಿನ ಮೇಲೆ ಮೊಣಕಾಲೆತ್ತರದ ಒಂದು ಫಲಕ ನೆಟ್ಟಿರುತ್ತಾರೆ, ಅಷ್ಟೇ. ಮೊದಲ ದಿನ ನಾನು ಅವನ್ನು ಕೃಷಿ ವಿಶ್ವವಿದ್ಯಾಲಯದ ತಾಕುಗಳಲ್ಲಿ ತಳಿಯ ಹೆಸರು ಬರೆದು ನೆಡುವ ಹಲಗೆ ಎಂದುಕೊಂಡಿದ್ದೆ.

ವಾಲ್ಟರ್ ಗಂಟೆ ಒತ್ತಿ ಮೂರು ಹೆಜ್ಜೆ ಹಿಂದಕ್ಕೆ ಬಂದು ನಿಲ್ಲುತ್ತಿದ್ದರು. ಒಳಗಿನವರು ಬೆದರಬಾರದಂತೆ. ನಾನು ಒಂದು ಹಲಗೆಯ ಮೇಲೆ ಕಾಗದ, ಪೆನ್ಸಿಲ್ ಹಿಡಿದು ಪಕ್ಕದಲ್ಲಿ ನಿಲ್ಲಬೇಕು. ಮನೆಯಿಂದ ಹೊರಬಿದ್ದ ಮೇಲೆ ಅವರು ಅಂಕಿ ಹೇಳುತ್ತಿದ್ದರು. ಒಂದು ಎಂದರೆ ಖಂಡಿತ ನಮ್ಮವರು, ಐದು ಎಂದರೆ ಖಂಡಿತ ಎದುರಾಳಿಯವರು, ಮೂರು ಎಂದರೆ ದೇವರೇ ಬಲ್ಲ.

ಅಮೆರಿಕನ್ನರ ಬೀದಿಯಲ್ಲಿ ಒಬ್ಬ ಮುದುಕ ಜಾಲರಿ ಬಾಗಿಲನ್ನು ತೆರೆಯದೆಯೇ, “ಹೋದ ಸಲವೂ ನಾನು ನಿನ್ನ ವಿರುದ್ಧ ಹಾಕಿದೆ ವಾಲ್ಟರ್, ಈ ಸಲವೂ ಹಾಕುತ್ತೇನೆ,” ಎಂದ. ವಾಲ್ಟರ್ ಧನ್ಯವಾದ ಹೇಳಿ, ಅವನ ಹೆಂಡತಿಯ ಮಂಡಿನೋವು ವಿಚಾರಿಸಿ, ಬಹಳ ಉಲ್ಲಾಸದಿಂದ “ಐದು” ಎಂದರು. “ಈ ಮನುಷ್ಯನನ್ನು ನಂಬಬಹುದು.”

ನಮ್ಮವರ ಬೀದಿಯಲ್ಲಿ ಜಾಲರಿಯ ಹಿಂದೆ ಯಾರೂ ನಿಲ್ಲಲಿಲ್ಲ. “ಅಯ್ಯೋ ಬನ್ನಿ ಅಂಕಲ್, ಹೊರಗಡೆನೇ ನಿಂತ್ಬಿಟ್ರಲ್ಲ! ನಿಮಗಲ್ದೆ ಇನ್ಯಾರಿಗೆ, ಡೆಫಿನಿಟ್ಲಿ ವೋಟ್ ಮಾಡ್ತೀವಿ,” ಎಂದು ಬೆಂಗಳೂರಿನ ಮಹಿಳೆಯೊಬ್ಬರು ಇದರ ಅರ್ಧವನ್ನು ಅವರಿಗೆ ಇಂಗ್ಲಿಷಿನಲ್ಲಿ, ಅರ್ಧವನ್ನು ನನಗೆ ಕನ್ನಡದಲ್ಲಿ ಹೇಳಿ ಕೇಸರಿಬಾತ್ ಕೊಟ್ಟರು.

ಹೊರಬಂದ ಮೇಲೆ ವಾಲ್ಟರ್, “ಆಕೆ ನನ್ನನ್ನು ಅಂಕಲ್ ಎಂದರು. ಅದು ಒಳ್ಳೆಯದೋ ಕೆಟ್ಟದ್ದೋ?” ಎಂದು ಕೇಳಿದರು.

“ಒಳ್ಳೆಯದು.”

“ಆಕೆಗೆ ನಲವತ್ತಾಗಿರಬೇಕು.”

“ಆದರೂ ಒಳ್ಳೆಯದು.”

“ಹಾಗಾದರೆ ಒಂದು.”

ಹೀಗೆ ನಲವತ್ತೊಂದು ಮನೆ. ನಲವತ್ತೊಂದಕ್ಕೂ ನಾನು ಒಂದು ಎಂದು ಬರೆದೆ. ನಮ್ಮೂರಿನಲ್ಲಿ ಮನೆಗೆ ಬಂದ ಅಭ್ಯರ್ಥಿಗೆ ಯಾರೂ ಇಲ್ಲವೆನ್ನುವುದಿಲ್ಲ. ನನ್ನ ತಾಯಿ ಒಂದೇ ಸಂಜೆ ನಾಲ್ಕು ಪಕ್ಷಗಳಿಗೆ ಭರವಸೆ ಕೊಟ್ಟು, ನಾಲ್ವರಿಗೂ ನೀರು ಕೊಟ್ಟು ಕಳಿಸಿದ್ದನ್ನು ನೋಡಿದ್ದೇನೆ. ಅದರಲ್ಲಿ ಎಷ್ಟನ್ನು ಕಳೆಯಬೇಕೆಂಬುದು ನಮ್ಮೂರಿನ ಅಭ್ಯರ್ಥಿಗಳಿಗೆ ಗೊತ್ತಿರುತ್ತದೆ. ವಾಲ್ಟರ್‌ಗೆ ಗೊತ್ತಿರಲಿಲ್ಲ. ಬಡಾವಣೆ ಹೊಸದು, ಮತದಾರರ ಪಟ್ಟಿ ಹಳೆಯದು. ಅವರ ಕೈಯಲ್ಲಿದ್ದುದು ನನ್ನ ಪೆನ್ಸಿಲ್ ಅಂಕಿಗಳು ಮಾತ್ರ. ನಾನು ಹೇಳಬಹುದಿತ್ತು. ಕೇಳದೆ ಹೇಳುವುದು ನನ್ನ ಸ್ವಭಾವವಲ್ಲ.

ಅವರು ನನ್ನನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದರು. ಅಲ್ಲವೆಂದು ಮೂರು ಸಲ ಹೇಳಿದೆ. ನಾನು ಅವರನ್ನು ವಾಲ್ಟರ್ ಎಂದು ಕರೆಯಬೇಕೆಂದು ಅವರೂ ಮೂರು ಸಲ ಹೇಳಿದರು. ಅರವತ್ತೆರಡು ವರ್ಷದವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಏಳಲಿಲ್ಲ. ಇಬ್ಬರೂ ಸೋತು ಸುಮ್ಮನಾದೆವು.

ಹೋಬೋಕನ್, ಮತ್ತು ಒಂದು ಚರಂಡಿ

ಶನಿವಾರ ಅವರಿಗೆ ಹೋಬೋಕನ್‌ನಲ್ಲಿ ಪಕ್ಷದ ಸಭೆಯಿತ್ತು. ನನ್ನನ್ನೂ ಕರೆದುಕೊಂಡು ಹೋದರು. ಹಡ್ಸನ್ ನದಿಯ ದಂಡೆಯಲ್ಲಿ, ಟೈ ಕಟ್ಟಿದ ಹುಡುಗರು ಕಾಫಿ ಕುಡಿಯುತ್ತಿದ್ದ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ, “ನನ್ನ ತಂದೆ ಇಲ್ಲಿ ಹಡಗಿನಿಂದ ಕಾಫಿ ಮೂಟೆ ಇಳಿಸುತ್ತಿದ್ದರು. ಮನೆಯಲ್ಲಿ ಮಾತ್ರ ಟೀ ಕುಡಿಯುತ್ತಿದ್ದರು,” ಎಂದರು.

ಅವರ ತಾಯಿ ಒಬ್ಬ ವಕೀಲನ ಕಚೇರಿ ಗುಡಿಸುವವರು. ಏಳು ವರ್ಷದ ವಾಲ್ಟರ್ ತಾಯಿಯ ಜೊತೆ ಹೋಗಿ ಆ ವಕೀಲನ ಕುರ್ಚಿಗೆ ಪಾಲಿಶ್ ಹಚ್ಚುತ್ತಿದ್ದರಂತೆ. ಕಾನೂನಿನ ಜೊತೆ ತನ್ನ ಮೊದಲ ಸಂಬಂಧ ಬೆನ್ನಿನ ಕಡೆಯಿಂದ ಆಯಿತೆಂದರು. ಹಗಲು ವಿಮಾ ಕಂಪನಿಯಲ್ಲಿ ಗುಮಾಸ್ತಿಕೆ, ಸಂಜೆ ನ್ಯೂವರ್ಕಿನಲ್ಲಿ ಕಾನೂನು ತರಗತಿ. ರೈಲಿನಲ್ಲಿ ನಿದ್ದೆ ಹತ್ತಿ, ಇಳಿಯುವ ನಿಲ್ದಾಣ ದಾಟಿ, ಮುಂದಿನದರಿಂದ ನಡೆದು ಹೋದದ್ದೇ ಹೆಚ್ಚು. ವಕೀಲರ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಮೂರನೆಯ ಸಲ ಪಾಸಾದದ್ದನ್ನು ತಾಯಿಗೆ ಹೇಳಿದಾಗ ಆಕೆ, “ಸರಿ, ಕುರ್ಚಿಯನ್ನು ನೀನೇ ಒರೆಸಿಕೋ,” ಎಂದರಂತೆ.

ನಾನು ದೊಡ್ಡ ಮೊಕದ್ದಮೆಗಳ ಬಗ್ಗೆ ಕೇಳಿದೆ. ಇಲ್ಲವೆಂದರು. ಮನೆಗಳ ಕ್ರಯಪತ್ರ, ಉಯಿಲು, ಬೇಲಿಯ ಜಗಳ. ಕೊಲೆ ಕೇಸು ಒಂದೂ ಬರಲಿಲ್ಲ. ಒಮ್ಮೆ ಕುದುರೆ ಕಳುವಾದದ್ದು ಬಂದಿತ್ತು. ಅದು ಕಳುವಾಗಿರಲಿಲ್ಲ, ತಾನೇ ಹೋಗಿತ್ತು.

ಊರಿಗೆ ಮರಳುವಾಗ ದಾರಿ ತಪ್ಪಿಸಿ ನನಗೆ ಒಂದು ಚರಂಡಿ ತೋರಿಸಿದರು. ಕಾಂಕ್ರೀಟಿನದು, ಎರಡು ಗೇಣು ಆಳ, ಇಕ್ಕೆಲದಲ್ಲಿ ಹುಲ್ಲು. ಅವರ ಕಕ್ಷಿದಾರಳಾದ ಒಬ್ಬ ಮುದುಕಿಯ ನೆಲಮಾಳಿಗೆಗೆ ಪ್ರತಿ ವಸಂತದಲ್ಲೂ ನೀರು ನುಗ್ಗುತ್ತಿತ್ತು. ವಾಲ್ಟರ್ ಊರಿನ ಆಡಳಿತ ಕಚೇರಿಗೆ ಹನ್ನೊಂದು ಸಲ ಅಲೆದರು. ಹನ್ನೆರಡನೆಯ ಸಲ ಅಲ್ಲಿನ ಗುಮಾಸ್ತ, “ಚರಂಡಿ ಅಷ್ಟೊಂದು ಬೇಕಿದ್ದರೆ ಮೇಜಿನ ಈ ಕಡೆ ಬಂದು ಕೂತುಕೊಳ್ಳಿ,” ಎಂದ. ಅವರು ಪುರಸಭೆಯ ಚುನಾವಣೆಗೆ ನಿಂತರು. ಗೆದ್ದರು. ಚರಂಡಿಗೆ ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಮುದುಕಿ ಮನೆ ಮಾರಿ ಫ್ಲಾರಿಡಾಕ್ಕೆ ಹೋಗಿದ್ದಳು.

ಬಂದವರೆಲ್ಲ ಸ್ವಾತಂತ್ರ್ಯದೇವಿಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಆ ಚರಂಡಿಯ ಅಳತೆ ಬರೆದುಕೊಂಡೆ.

“ಈ ಸಲ ಸೋತರೆ ಮುಗಿಸುತ್ತೇನೆ. ಆದರೆ ನಿಮ್ಮ ಬೀದಿ ನೋಡಿದರೆ ಸೋಲುವ ಲಕ್ಷಣವಿಲ್ಲ,” ಎಂದರು ವಾಲ್ಟರ್.

ನಾನು ಕಿಟಕಿಯ ಹೊರಗೆ ನೋಡಿದೆ.

ಭಾನುವಾರದ ಚಹಾ

ಮತದಾರರ ಪಟ್ಟಿಗೆ ಹೆಸರು ಕೊಡಲು ಸೋಮವಾರ ಕಡೆಯ ದಿನ. ಭಾನುವಾರ ಮಾವ ಸುತ್ತಲಿನವರನ್ನೆಲ್ಲ ಚಹಾಕ್ಕೆ ಕರೆದರು. ಇಪ್ಪತ್ತು ಜನ ಬಂದರು. ಬಾಗಿಲ ಬಳಿ ಚಪ್ಪಲಿಗಳ ರಾಶಿ, ಒಳಗೆ ಚೂಡಾ, ಶೇಂಗಾ ಹೋಳಿಗೆ. ವಾಲ್ಟರ್ ಐದು ನಿಮಿಷ ಮಾತಾಡಿದರು. ಕಡೆಗೆ ಅರ್ಜಿಗಳಿದ್ದ ಹಲಗೆಯನ್ನು ಮೇಜಿನ ಮೇಲಿಟ್ಟು, “ಈ ದೇಶದ ಪೌರರಾಗಿದ್ದು, ಇನ್ನೂ ಹೆಸರು ಕೊಡದವರು ದಯವಿಟ್ಟು ಇದನ್ನು ತುಂಬಿ,” ಎಂದು ಸ್ಪಷ್ಟವಾಗಿ ಹೇಳಿದರು. ಎಲ್ಲರಿಗೂ ಕೇಳಿಸಿತು.

ಯಾರೂ ಅಲುಗಲಿಲ್ಲ. ಹಲಗೆ ಚೂಡಾದ ತಟ್ಟೆಯ ಪಕ್ಕದಲ್ಲಿ ಹಾಗೆಯೇ ಬಿದ್ದಿತ್ತು.

ನಮ್ಮಲ್ಲಿ ಪಟ್ಟಿ ಯಾವುದೇ ಇರಲಿ, ಸಂಘದ ಮನವಿಯಾಗಲಿ ಶಾಲೆಯ ಗೋಡೆಯ ದೇಣಿಗೆಯಾಗಲಿ, ಮನೆಯ ಯಜಮಾನ ಮೊದಲು ಬರೆಯದೆ ಬೇರೆಯವರು ಪೆನ್ನು ಮುಟ್ಟುವುದಿಲ್ಲ. ಅಲ್ಲಿ ಕೂತಿದ್ದ ಇಪ್ಪತ್ತೂ ಜನಕ್ಕೆ ಇದು ಗೊತ್ತು. ಮಾವನಿಗೆ ಅವರೆಲ್ಲರಿಗಿಂತ ಚೆನ್ನಾಗಿ ಗೊತ್ತು. ತನ್ನ ಮನೆಯಲ್ಲಿ ಅತಿಥಿಯ ಕಾಗದ ಅನಾಥವಾಗಿ ಬಿದ್ದಿರುವುದನ್ನು ಅವರು ಅರ್ಧ ನಿಮಿಷ ಸಹಿಸಿದರು. ಆಮೇಲೆ ಎದ್ದರು.

ಪ್ರಯೋಗಾಲಯದಲ್ಲಿ ಪ್ರತಿ ಸೀಸೆಯ ಚೀಟಿಯನ್ನೂ ಮೂರು ಸಲ ಓದುವ ಮನುಷ್ಯ. ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣದ ಹಿಂಬದಿ ಓದುತ್ತ ನಿಂತು ಅತ್ತೆಯಿಂದ ಬೈಸಿಕೊಳ್ಳುವ ಮನುಷ್ಯ. ಅತಿಥಿ ಕೊಟ್ಟ ಕಾಗದವನ್ನು ಅವನ ಎದುರಿಗೇ ಓದುವುದು ಅನುಮಾನಿಸಿದಂತೆ ಆಗುತ್ತದೆಂದು ಓದದೆ ತುಂಬಿದರು. ನಾನು ಹಲಗೆ ಎತ್ತಿ ಹಿಡಿದು ಎದುರು ನಿಂತಿದ್ದೆ. ಸಹಿಯ ಜಾಗದ ಮೇಲಿನ ಸಾಲನ್ನು ತಲೆಕೆಳಗಾಗಿ ಓದಿದೆ. ‘ನಾನು ಅಮೆರಿಕದ ಪೌರನೆಂದು ಪ್ರಮಾಣ ಮಾಡುತ್ತೇನೆ’ ಎಂದಿತ್ತು.

“ಮಾವಾ,” ಎಂದೆ.

“ಪೆನ್ ಛಲೋ ಐತಿ,” ಎಂದು ಮಾವ ಪೂರ್ತಿ ಸಹಿ ಹಾಕಿ ಹಲಗೆಯನ್ನು ಪಕ್ಕದವರಿಗೆ ದಾಟಿಸಿದರು.

ಇಪ್ಪತ್ತು ಜನರ ಎದುರು ಹಿರಿಯರನ್ನು ತಿದ್ದಲು ನನಗೆ ಬಾಯಿ ಬರಲಿಲ್ಲ. ಹಲಗೆ ಒಂದು ಸುತ್ತು ಬಂದಾಗ ಎಂಟು ಅರ್ಜಿಗಳಾಗಿದ್ದವು. ವಾಲ್ಟರ್ ಹೋಳಿಗೆ ಕಟ್ಟಿಸಿಕೊಂಡು, ಎಂಟನ್ನೂ ಚೀಲಕ್ಕೆ ಹಾಕಿಕೊಂಡು ಹೋದರು.

ಸೋಮವಾರ

ಬೆಳಿಗ್ಗೆ ಮಾವ ಕೆಲಸಕ್ಕೆ ಹೋದ ಮೇಲೆ ನಾನು ವಾಲ್ಟರ್ ಅವರ ಕಚೇರಿಗೆ ನಡೆದು ಹೊರಟೆ. ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಪಾದಚಾರಿ ಮಾರ್ಗ ಇರಲಿಲ್ಲ, ಪಾದಚಾರಿಗಳೂ ಇರಲಿಲ್ಲ. ಪೊಲೀಸ್ ಕಾರೊಂದು ಪಕ್ಕದಲ್ಲಿ ನಿಂತಿತು.

“ನಿಮ್ಮ ಕಾರು ಕೆಟ್ಟಿದೆಯೇ?”

“ಕಾರಿಲ್ಲ.”

“ಎಲ್ಲಿಗೆ ಹೊರಟಿದ್ದೀರಿ?”

“ವಕೀಲರ ಬಳಿಗೆ.”

ಅವನು ನನ್ನನ್ನು ಇನ್ನೊಂದು ಸಲ ನೋಡಿ, ಬಹಳ ಮರ್ಯಾದೆಯಿಂದ ಹಿಂದಿನ ಬಾಗಿಲು ತೆಗೆದ. ಚುನಾವಣೆಗೆ ನಿಂತವರ ಕಚೇರಿಯ ಮುಂದೆ ನಾನು ಪೊಲೀಸ್ ಕಾರಿನಿಂದ ಇಳಿದೆ. ಕಾರ್ಯದರ್ಶಿ ಎದ್ದು ನಿಂತರು.

ವಾಲ್ಟರ್ ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು. “ಶಿವನ ಸಂದರ್ಶನ ಎಂದು?”

“ಹದಿನಾರು ದಿನಕ್ಕೆ.”

“ಎಂದಾದರೂ ಮತದಾರನಾಗಿ ಹೆಸರು ಕೊಟ್ಟಿದ್ದೀರಾ ಎಂದು ಅಲ್ಲಿ ಕೇಳುತ್ತಾರೆ.”

“ಹೌದೆಂದರೆ?”

“ಪೌರತ್ವ ಸಿಗುವುದಿಲ್ಲ ಎಂಬುದು ಸಣ್ಣ ಸಂಗತಿ. ದೇಶ ಬಿಡಿಸಬಹುದು.”

“ಗೊತ್ತಿಲ್ಲದೆ ಮಾಡಿದ್ದರೆ?”

“ಅದು ವಾದ. ವಾದ ಗೆಲ್ಲಬಹುದು, ಸೋಲಬಹುದು. ನಾನು ಎರಡೂ ಮಾಡಿದ್ದೇನೆ.”

ಆ ಕಾಗದ ನನಗೆ ಕೊಡಿ ಎಂದೆ. ಅವರು ಆಗದೆಂದು ತಲೆಯಾಡಿಸಿದರು. “ಕೌಂಟರಿನಲ್ಲಿ ಕೊಡುವವರೆಗೆ ಅದು ಬರೆದವನದು. ಅವನೇ ಬಾಯಿಬಿಟ್ಟು ಕೇಳಿದರೆ ಹಿಂದಿರುಗಿಸುತ್ತೇನೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಅಭ್ಯರ್ಥಿಯಾದ ನಾನು ಆರಿಸಲು ಕೂತರೆ, ನಾಳೆ ನನ್ನ ಮೇಲೆ ಕೇಸು ಬರುತ್ತದೆ. ಬರಲೂಬೇಕು.”

ಪ್ರಯೋಗಾಲಯಕ್ಕೆ ಫೋನ್ ಮಾಡಿದರು. ಎರಡು ನಿಮಿಷ ವಿವರಿಸಿದರು. ಫೋನ್ ಇಟ್ಟು, “ಚಹಾಕ್ಕೆ ಕರೆದಿದ್ದಾನೆ,” ಎಂದರು.

ಸಂಜೆ ಐದೂಕಾಲಿಗೆ ಎಲ್ಲರೂ ಮನೆಯಲ್ಲಿದ್ದೆವು. ನೋಂದಣಿ ಕಚೇರಿ ಏಳಕ್ಕೆ ಮುಚ್ಚುತ್ತದೆ. ಅಲ್ಲಿಗೆ ನಲವತ್ತು ನಿಮಿಷದ ದಾರಿ. ಮಾವ ನೇರವಾಗಿ ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತರು.

“ಕೊಟ್ಟದ್ದನ್ನ ತಿರುಗಿ ಹೆಂಗ ಕೇಳ್ಲಿ? ಅದೂ ನಾಲ್ಕು ಮಂದಿ ಮುಂದ ಕೊಟ್ಟೀನಿ.”

“ಮಾವಾ, ದೇಶಾ ಬಿಡಸ್ತಾರಂತ,” ಎಂದೆ.

“ಆ ಮನುಷ್ಯಾ ನಮ್ಮ ಮನಿ ಪೇಪರಿಗೆ ಮೂರು ದಿನಾ ಓಡ್ಯಾಡ್ಯಾನ. ಅವನ ಮಾರೀಗೆ ನಿನಗೊಂದು ವೋಟು ಕೊಡಾಕ ಆಗೂದಿಲ್ಲೋ ಮಾರಾಯ ಅಂತ ಹೇಳ್ಲೇನು?”

“ಡ್ಯಾಡ್, ಜಸ್ಟ್ ಸೇ ಇಟ್,” ಎಂದಳು ಅನು.

“ನೀ ಸುಮ್ಮನಿರು.”

ಮಾವ ಹೊರಗೆ ಹೋಗಿ ವಾಲ್ಟರ್ ಎದುರು ಕುಳಿತರು. ಮೇಜಿನ ಮೇಲೆ ವಾಲ್ಟರ್ ಚೀಲ. ಮಾವ ಈ ವರ್ಷ ಎಲೆ ಬೇಗ ಉದುರುತ್ತಿವೆ ಎಂದರು. ವಾಲ್ಟರ್ ಹೌದೆಂದರು. ಎಲೆ ಗುಡಿಸುವ ಯಂತ್ರದ ಬಗ್ಗೆ ಮಾತಾಯಿತು. ವಾಲ್ಟರ್, “ಶಿವ, ನೀವು ನನ್ನನ್ನು ಏನಾದರೂ ಕೇಳಬೇಕಿತ್ತೇ?” ಎಂದರು. ಮಾವ, “ಇನ್ನೊಂದು ಕಪ್ ಚಹಾ?” ಎಂದು ಕೇಳಿದರು. ಐದೂ ಮುಕ್ಕಾಲಾಯಿತು. ವಾಲ್ಟರ್ ಎರಡನೆಯ ಕಪ್ ಕುಡಿದರು. “ಅವರಿಗೆ ಅರ್ಜಿ ವಾಪಸು ಬೇಕು,” ಎಂದು ನಾನು ಹೇಳಿದೆ. “ಅವರ ಬಾಯಿಂದ ಕೇಳಬೇಕು, ಪ್ರೊಫೆಸರ್,” ಎಂದರು. ಮಾವ ಉಪ್ಪಿಟ್ಟಿನ ಮಾತು ತೆಗೆದರು.

ಅತ್ತೆ ಲಟ್ಟಣಿಗೆ ಹಿಡಿದೇ ಹೊರಗೆ ಬಂದರು. ಹನ್ನೆರಡು ವರ್ಷದಲ್ಲಿ ಅವರು ಪರಕೀಯರ ಜೊತೆ ಇಂಗ್ಲಿಷ್ ಮಾತಾಡಿದ್ದನ್ನು ಅನು ನೋಡಿರಲಿಲ್ಲವಂತೆ.

“ವಾಲ್ಟರ್,” ಎಂದರು ಅತ್ತೆ. “ಗಿವ್ ಹಿಮ್ ದಟ್ ಪೇಪರ್ ಬ್ಯಾಕ್. ಹಿ ಈಸ್ ನಾಟ್ ಸಿಟಿಜನ್. ಹಿ ಈಸ್ ಓನ್ಲಿ ಪೊಲೈಟ್.”

ವಾಲ್ಟರ್ ಮಾವನ ಕಡೆ ತಿರುಗಿದರು. “ಹೌದೇ, ಶಿವ?”

ಮಾವ ನೆಲ ನೋಡಿದರು. “ಹೌದು.”

“ಯಾವುದು ಹೌದು?”

“ಎರಡೂ.” ಆಮೇಲೆ ಎದ್ದು ನಿಂತು ಹೇಳಿದರು: “ನನ್ನ ಅರ್ಜಿ ನನಗೆ ವಾಪಸು ಕೊಡಿ. ಕ್ಷಮಿಸಿ.”

ವಾಲ್ಟರ್ ಚೀಲ ತೆರೆದು ಎಲ್ಲಕ್ಕಿಂತ ಮೇಲಿದ್ದ ಕಾಗದವನ್ನು ಕೊಟ್ಟರು. ಮಾವ ಅದನ್ನು ನಾಲ್ಕಾಗಿ ಹರಿದರು. ಅತ್ತೆ ಆ ಚೂರುಗಳನ್ನು ತೆಗೆದುಕೊಂಡು ಹದಿನಾರಾಗಿ ಹರಿದರು.

“ಇನ್ನೂ ಏಳಿವೆ. ನೀವು ಬರೆದಿರೆಂದು ಅವರು ಬರೆದರು,” ಎಂದರು ವಾಲ್ಟರ್.

ಮಾವ ಏಳೂ ಮನೆಗಳಿಗೆ ಫೋನ್ ಮಾಡಿದರು. ಅದಕ್ಕೆ ಚಹಾ ಬೇಕಾಗಲಿಲ್ಲ. ಮೂವರು ತಾವು ಪೌರರೇ ಎಂದರು. ನಾಲ್ವರು ಹತ್ತು ನಿಮಿಷದಲ್ಲಿ ಬಾಗಿಲಲ್ಲಿದ್ದರು. ಒಬ್ಬೊಬ್ಬರೂ ಬಡಿಸಿದ ಎಲೆಯಿಂದ ಎದ್ದು ಹೋಗುವವರಂತೆ ಮುಖ ಮಾಡಿಕೊಂಡು ಅರ್ಜಿ ಕೇಳಿದರು. “ನೆಕ್ಸ್ಟ್ ಎಲೆಕ್ಷನ್ ಡೆಫಿನಿಟ್ಲಿ, ಅಂಕಲ್,” ಎಂದ ಒಬ್ಬ.

ಆರೂಕಾಲಿಗೆ ವಾಲ್ಟರ್ ಮೂರು ಅರ್ಜಿ ಇಟ್ಟುಕೊಂಡು ಹೊರಟರು. ನಾನು ಕಾರಿನವರೆಗೆ ಹೋದೆ.

“ಆ ನಲವತ್ತೊಂದು ಮನೆಗಳ ವಿಷಯ ಏನು, ಪ್ರೊಫೆಸರ್?”

“ಹೇಳಲಾರೆ.”

“ಗೊತ್ತಿಲ್ಲವೋ, ಹೇಳಲು ಇಷ್ಟವಿಲ್ಲವೋ?”

“ಎರಡನೆಯದು.”

ಅವರು ಕಾರಿನ ಬಾಗಿಲು ಹಿಡಿದು ನಿಂತರು. “ಹದಿನಾಲ್ಕು ವರ್ಷದಲ್ಲಿ ಎಲ್ಲ ಮನೆಗೂ ‘ಒಂದು’ ಬಿದ್ದ ಬೀದಿಯನ್ನು ನಾನು ನೋಡಿಲ್ಲ. ಒಂದು ಸಲ ನೋಡಬೇಕು ಅನ್ನಿಸಿತ್ತು,” ಎಂದರು. “ನನಗೆ ನಿಜವಾದ ಅಂಕಿ ಬೇಕು. ಎಷ್ಟೇ ಸಣ್ಣದಿರಲಿ.”

ಮಂಗಳವಾರ

ಬೆಳಿಗ್ಗೆ ಒಂಬತ್ತಕ್ಕೆ, ಎಲ್ಲರೂ ಹೊರಗೆ ಹೋದ ಮೇಲೆ, ನಾನು ನಲವತ್ತೊಂದು ಮನೆಗಳ ಪಟ್ಟಿಯನ್ನೂ ರಬ್ಬರನ್ನೂ ಫೋನಿನ ಪಕ್ಕ ಇಟ್ಟುಕೊಂಡು ಕುಳಿತೆ. ಅಪರಿಚಿತರ ಮನೆಗೆ ನಾನಾಗಿಯೇ ಫೋನ್ ಮಾಡಿದ್ದು ಅದೇ ಮೊದಲು. ಮೊದಲ ಸಂಖ್ಯೆಯಲ್ಲಿ ಹುಬ್ಬಳ್ಳಿ ಕಡೆಯ ಹೆಂಗಸಿನ ದನಿ ಬಂತು.

“ನೀ ಶಾರದಕ್ಕನ ಸೊಸಿ ಹೌದಿಲ್ಲೋ! ಫೋನಿನ್ಯಾಗ ಏನ ಮಾತಾಡೂದು, ಮನೀಗೆ ಬಾ, ಚಹಾ ಕುಡ್ಯೂಣಂತ.”

“ಬರ್ತೀನಿ ಆಂಟಿ. ಅದಕ್ಕೂ ಮೊದ್ಲ ಒಂದು ಮಾತು ಹೇಳ್ರಿ. ನೀವು ಸಿಟಿಜನ್ ಇದ್ದೀರೋ ಇಲ್ಲೋ?”

ಆ ಕಡೆ ಮೌನ. ಅದನ್ನು ಮುರಿಯಲು ನನಗೆ ಹಲವು ಮಾತುಗಳು ನೆನಪಾದವು. ಒಂದನ್ನೂ ಆಡಲಿಲ್ಲ.

“ಇಲ್ಲವ್ವಾ,” ಎಂದರು ಅವರು ಕಡೆಗೆ.

ನಾನು ಅವರ ಹೆಸರಿನ ಮುಂದಿದ್ದ ಒಂದನ್ನು ಅಳಿಸಿ, ಮುಂದಿನ ಸಂಖ್ಯೆ ಒತ್ತಿದೆ.